ಪುನರ್ವಸು ಮಳೆಯ ಪೈಥಾಗೊರಸ್

ನಮ್ಮಮ್ಮನಿಗೆ ಪೈಥಾಗೊರಸನ ಪ್ರಮೇಯ ಬರುವುದಿಲ್ಲ. ಯಾಕೆ ಅಂತ ಕೇಳಿದರೆ ಪುನರ್ವಸು ಮಳೆ ಅನ್ನುತ್ತಾಳೆ.

ಮೊದಮೊದಲು ಇದನ್ನು ನಾನು ನೆಪ ಅಂತಲೇ ತಿಳಿದಿದ್ದೆ. ಆಮೇಲೆ ನೋಡಿದರೆ ಇದಕ್ಕೊಂದು ಲೆಕ್ಕಾಚಾರವೇ ಇದೆ. ಅಮ್ಮ ಓದಿದ್ದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಒಂದು ಹೈಸ್ಕೂಲಿನಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿದ್ದು 1980ರಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಶಾಲೆಯ ಹಳೇ ಕಟ್ಟಡಕ್ಕೆ ಮಂಗಳೂರು ಹೆಂಚು. ಹೈಸ್ಕೂಲು ಬಂದ ಮೇಲೆ ಸೇರಿಸಿದ ಕೋಣೆಗಳಿಗೆ ಮಾತ್ರ ತಗಡು. ಆ ತಗಡಿನ ಮೇಲೆ ಪುನರ್ವಸು ಶುರುವಾಯಿತೆಂದರೆ ನೂರು ಒರಳಲ್ಲಿ ಒಟ್ಟಿಗೇ ಅವಲಕ್ಕಿ ಕುಟ್ಟಿದ ಹಾಗೆ. ಮೇಷ್ಟ್ರ ಬಾಯಿ ಆಡುತ್ತಿತ್ತು, ಕೈ ಆಡುತ್ತಿತ್ತು, ಧ್ವನಿ ಮಾತ್ರ ಮೊದಲನೇ ಬೆಂಚು ದಾಟುತ್ತಿರಲಿಲ್ಲ. "ಅರ್ಥ ಆಯ್ತಾ?" ಅಂತ ಕೇಳಿದ್ದು ತುಟಿ ನೋಡಿ ಗೊತ್ತಾಗಬೇಕು. ಎಲ್ಲರೂ "ಆಯ್ತು ಸಾರ್" ಅಂತ ಕೂಗುತ್ತಿದ್ದರು. ಅದು ಮೇಷ್ಟ್ರಿಗೆ ಕೇಳುತ್ತಿರಲಿಲ್ಲ. ಹೀಗೆ ಎರಡೂ ಕಡೆಯವರ ಒಪ್ಪಿಗೆಯ ಮೇಲೆ ಪಾಠ ಮುಂದೆ ಹೋಗುತ್ತಿತ್ತು.

ಹಾಗಾಗಿ ಅಮ್ಮನ ವಿದ್ಯೆಯಲ್ಲಿ ಮಳೆಗಾಲದ ತೂತುಗಳಿವೆ. ದೀಪಾವಳಿ ಕಳೆದ ಮೇಲೆ ನಡೆದ ಪಾಠವೆಲ್ಲ ಇವತ್ತಿಗೂ ಬಾಯಿಪಾಠ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದ್ದು ಖಾಲಿ. ಚಕ್ರಬಡ್ಡಿ ಬರುತ್ತದೆ, ಸರಳಬಡ್ಡಿ ಬರುವುದಿಲ್ಲ. ಫ್ರಾನ್ಸಿನ ಕ್ರಾಂತಿಯ ಗತಿಯೂ ಅದೇ. ಬಾಸ್ಟೀಲ್ ಕೋಟೆ ಬಿದ್ದದ್ದು 1789ರ ಜುಲೈ 14ಕ್ಕೆ, ಒಂಬತ್ತನೇ ಕ್ಲಾಸಿನಲ್ಲಿ ಆ ಪಾಠ ನಡೆದದ್ದೂ ಜುಲೈನಲ್ಲೇ. ನೆಪೋಲಿಯನ್ ಮಾತ್ರ ಪುಣ್ಯಕ್ಕೆ ಚಳಿಗಾಲದಲ್ಲಿ ಬಂದ.

"ಆ ರಾಜನ ತಲೆ ಎಂತಕ್ಕೆ ತೆಗೆದ್ರು ಅಂತ ನಂಗೆ ಗೊತ್ತಿಲ್ಲ. ನೆಪೋಲಿಯನ್ನು ವಾಟರ್ಲೂನಲ್ಲಿ ಎಂತಕ್ಕೆ ಸೋತ ಅಂತ ಬೇಕಾದ್ರೆ ಕೇಳು. ಹಿಂದಿನ ರಾತ್ರಿಯೆಲ್ಲ ಮಳೆ ಬಂದು ನೆಲ ಕೆಸರಾಗಿತ್ತು, ಬೆಳಿಗ್ಗೆ ಫಿರಂಗಿ ಎಳೆಯಕ್ಕೆ ಆಗ್ಲಿಲ್ಲ, ಯುದ್ಧ ಶುರು ಮಾಡೋದೇ ತಡ ಆಯ್ತು. ಜೂನ್ 18, 1815. ಮೃಗಶಿರಾ ಮಳೆ! ಮೃಗಶಿರಾದಲ್ಲಿ ಯಾರಾದ್ರೂ ಯುದ್ಧ ಇಟ್ಕೊಳ್ತಾರಾ? ಅವನಿಗೆ ಹೇಳೋರು ಯಾರೂ ಇರ್ಲಿಲ್ಲ."

ಅಮ್ಮನ ಹೈಸ್ಕೂಲು ದಿನಗಳ ಬಗ್ಗೆ ನಮ್ಮ ಮನೆಯಲ್ಲಿ ಎರಡು ಪಾಠಾಂತರಗಳಿವೆ. ಒಂದು ಅಮ್ಮನದು. ಅದರಲ್ಲಿ ಚಿಮಣಿ ದೀಪ, ಬರಿಗಾಲು, ಹಳ್ಳದ ಮೇಲಿನ ಅಡಿಕೆ ಮರದ ಸಂಕ, ಇಂಬಳ ಅಂದರೆ ಜಿಗಣೆ, ತಣ್ಣನೆ ಬುತ್ತಿ ಎಲ್ಲ ಬರುತ್ತವೆ. ನಗು ಮಾತ್ರ ಬರುವುದಿಲ್ಲ. ಕರೆಂಟು ಹೋಯಿತೆಂದು ನಾನೋ ತಮ್ಮನೋ ಪುಸ್ತಕ ಮುಚ್ಚಿದರೆ ಸಾಕು, ಈ ಪುರಾಣ ಬಿಚ್ಚಿಕೊಳ್ಳುತ್ತಿತ್ತು. ಶರಾವತಿ ಹುಟ್ಟುವುದು ಅಮ್ಮನ ತಾಲ್ಲೂಕಿನ ಅಂಬುತೀರ್ಥದಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಅಂದರೆ ಅಮ್ಮ ತೊಟ್ಟಿಲಲ್ಲಿದ್ದಾಗ. ಆ ನೀರಿನ ಕರೆಂಟು ಬೆಂಗಳೂರಿನವರೆಗೆ ಹೋಯಿತು, ಅಮ್ಮನ ಮನೆಯ ಜಗಲಿಗೆ ಮಾತ್ರ ಅವಳು ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ಬರಲಿಲ್ಲ. ಇದನ್ನು ಹೇಳುವಾಗ ಅವಳ ಧ್ವನಿ ಏರುತ್ತದೆ. ಏರಬೇಕಾದದ್ದೇ.

ಇನ್ನೊಂದು ಚಿಕ್ಕಮ್ಮನ ಪಾಠ. ಚಿಕ್ಕಮ್ಮ ಅದೇ ಶಾಲೆಯಲ್ಲಿ ಎರಡು ಕ್ಲಾಸು ಹಿಂದೆ ಇದ್ದವಳು, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಆಗಾಗ ಬರುತ್ತಾಳೆ, ಬಂದವಳು ಅಮ್ಮ ಅಡುಗೆಮನೆಗೆ ಹೋಗುವುದನ್ನೇ ಕಾಯುತ್ತಾಳೆ. ನಮ್ಮ ಮನೆಗೆ ಅಡಿಕೆ, ಅಪ್ಪೆಮಿಡಿ, ಸತ್ಯ ಮೂರೂ ತೀರ್ಥಹಳ್ಳಿ ಬಸ್ಸಿನಲ್ಲೇ ಬರುವುದು. ಹಾಗಂತ ಚಿಕ್ಕಮ್ಮನನ್ನೂ ಪೂರ್ತಿ ನಂಬುವ ಹಾಗಿಲ್ಲ. ಅವಳ ಕಥೆಗಳಲ್ಲಿ ಅವಳು ಯಾವಾಗಲೂ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾಳೆ. ಅದು ಅವಳ ಸ್ವಭಾವಕ್ಕೆ ಹೊಂದುವುದಿಲ್ಲ.

ಪೈಥಾಗೊರಸನನ್ನು ಮಾಡಬೇಕಾಗಿದ್ದ ಗಣಿತದ ಮೇಷ್ಟ್ರು ಚಿತ್ರದುರ್ಗದ ಕಡೆಯವರು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಸೀಮೆಯಿಂದ ವರ್ಗವಾಗಿ ಜೂನ್ ಮೊದಲ ವಾರ ಬಂದಿಳಿದಿದ್ದರು. ಮಲೆನಾಡಿಗೆ ವರ್ಗ ಅಂದರೆ ಆಗ ಮೇಲಿನವರ ಸಿಟ್ಟು ಅಂತಲೇ ಅರ್ಥ. ಪಾಪ, ಅವರು ಯಾರ ಸಿಟ್ಟಿಗೆ ಸಿಕ್ಕಿದ್ದರೋ. ಮೊದಲ ದಿನ ಸಂಜೆ ಶಾಲೆ ಬಿಟ್ಟಾಗ ಜಗಲಿಯಲ್ಲಿ ನಿಂತು, "ಸ್ವಲ್ಪ ಮಳೆ ನಿಲ್ಲಲಿ, ಆಮೇಲೆ ರೂಮಿಗೆ ಹೊರಡೋಣ" ಅಂದರಂತೆ. ಬೀಗ ಹಿಡಿದು ನಿಂತಿದ್ದ ಜವಾನ ಅರ್ಧ ಗಂಟೆ ನೋಡಿದ. ಆಮೇಲೆ, "ಹಾಗೆ ಕಾಯೋದಾದ್ರೆ ಹಾಸಿಗೆ ತಂದು ಕೊಡ್ತೀನಿ ಸಾರ್" ಅಂದ.

ತಿಂಗಳೊಪ್ಪತ್ತಿನಲ್ಲಿ ಅವರ ಚರ್ಮದ ಚಪ್ಪಲಿಗೆ ಹಸಿರು ಬೂಷ್ಟು ಹಿಡಿಯಿತು. ಟ್ರಂಕಿನೊಳಗಿನ ಪ್ಯಾಂಟಿಗೂ ಹಿಡಿಯಿತು. ಸೀಮೆಸುಣ್ಣ ತೇವ ಕುಡಿದು ಮೆತ್ತಗಾಗಿ, ಬೋರ್ಡಿನ ಮೇಲೆ ಎಳೆದರೆ ಗೆರೆ ಮೂಡದೆ ಸೀಮೆಸುಣ್ಣವೇ ಮುರಿಯುತ್ತಿತ್ತು. ಆಗ ಮೇಷ್ಟ್ರು ಅಮ್ಮನನ್ನು ಕರೆದು ಸೀಮೆಸುಣ್ಣದ ಡಬ್ಬಿ ಕೊಟ್ಟು, "ನಿಮ್ಮ ಮನೆ ಒಲೆ ಹತ್ತಿರ ಇಟ್ಟು ಒಣಗಿಸಿಕೊಂಡು ಬಾಮ್ಮ" ಅಂದರು. ಇದನ್ನು ಅಮ್ಮ ತನಗೆ ಸಿಕ್ಕ ಮೊದಲ ಸರ್ಕಾರಿ ಜವಾಬ್ದಾರಿ ಎಂದು ಹೇಳಿಕೊಳ್ಳುತ್ತಾಳೆ. ಡಬ್ಬಿಯನ್ನು ಅವಳು ಒಲೆಯ ಹಿಂದಿನ ಗೂಡಿನಲ್ಲಿಟ್ಟಳು. ಬೆಳಿಗ್ಗೆ ಕತ್ತಲಲ್ಲೇ ಎದ್ದ ಅಜ್ಜಿಗೆ ಅದು ಸಿಕ್ಕಿತು. ರಂಗೋಲಿ ಪುಡಿ ಮಳೆಗೆ ಕಲಸಿಹೋಗಿ ಒದ್ದಾಡುತ್ತಿದ್ದ ಅಜ್ಜಿ, ದೇವರೇ ಕೊಟ್ಟ ಅಂತ ಹೊಸ್ತಿಲ ಮೇಲೆ, ತುಳಸಿಕಟ್ಟೆಗೆ, ಕೊಟ್ಟಿಗೆಯ ಬಾಗಿಲಿಗೆ ಎಲ್ಲ ಎಳೆ ಎಳೆದು ಬಿಟ್ಟಳು. ಶಾಲೆಗೆ ವಾಪಸ್ ಹೋದದ್ದು ಬೆರಳ ತುದಿಯಷ್ಟುದ್ದದ ತುಂಡುಗಳು. "ಒಣಗಿದ ಮೇಲೆ ಸಣ್ಣಗಾದ್ವು ಸಾರ್" ಅಂತ ಅಮ್ಮ ಹೇಳಿದಳಂತೆ. ಬಯಲುಸೀಮೆಯವರು, ಇರಬಹುದೇನೋ ಅಂದುಕೊಂಡರು.

ಇಂಬಳದ ಕಥೆಯನ್ನು ಅಮ್ಮ, "ನಾನು ಮೇಷ್ಟ್ರ ಜೀವ ಉಳಿಸಿದ್ದು" ಅಂತಲೇ ಶುರು ಮಾಡುತ್ತಾಳೆ.

ಇಂಬಳ ಹತ್ತಿದ್ದು ಗೊತ್ತಾಗುವುದಿಲ್ಲ, ನೋವೇ ಇರುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಗುಣ ಅದರ ಜೊಲ್ಲಿನಲ್ಲಿದೆ, ಹಾಗಾಗಿ ಅದು ಕುಡಿದು ಉದುರಿದ ಮೇಲೂ ರಕ್ತ ಇಳಿಯುತ್ತಲೇ ಇರುತ್ತದೆ. ನಮ್ಮ ಕಡೆಯ ಮಕ್ಕಳು ಲಂಗದ ಅಂಚಿಗೆ ಒರೆಸಿಕೊಂಡು ಮುಂದೆ ಹೋಗುತ್ತವೆ. ಮೇಷ್ಟ್ರು ತ್ರಿಭುಜ ಎಳೆದು ತಿರುಗಿದಾಗ ಅವರ ಪ್ಯಾಂಟಿನ ಮೊಣಕಾಲ ಕೆಳಗೆ ಕೆಂಪು ಹರಡಿತ್ತು. ಅದನ್ನು ನೋಡಿದ್ದೇ, ಹಾವು ಎಂದು ಕೂಗಿ ಕುರ್ಚಿಯ ಮೇಲೆ ಕೂತರು. ಇದು ಮಾತ್ರ ತಗಡಿನ ಸದ್ದನ್ನೂ ಮೀರಿ ಕೊನೇ ಬೆಂಚಿಗೆ ಕೇಳಿಸಿತಂತೆ.

ಪ್ಯಾಂಟು ಮಡಚಿದರೆ ಹೆಬ್ಬೆರಳ ಗಾತ್ರಕ್ಕೆ ಊದಿದ ಇಂಬಳ. ಕಿತ್ತು ಎಳೆಯಬಾರದು, ಉಪ್ಪು ಹಾಕಬೇಕು. ಶಾಲೆಯಲ್ಲಿ ಉಪ್ಪೆಲ್ಲಿ? ಎಲ್ಲರೂ ಮುಖ ಮುಖ ನೋಡುವಾಗ ಅಮ್ಮನಿಗೆ ತನ್ನ ಬುತ್ತಿಯ ಮೊಸರನ್ನದ ನೆನಪಾಯಿತು. ಅದರ ಮೂಲೆಯಲ್ಲಿ ಅಜ್ಜಿ ಹಾಕಿದ್ದ ಮಿಡಿ ಉಪ್ಪಿನಕಾಯಿ ಇತ್ತು. ಉಪ್ಪಿನಕಾಯಿ ಅಂದ ಮೇಲೆ ಉಪ್ಪು ಇರಲೇಬೇಕಲ್ಲ. ಮಿಡಿಯನ್ನು ಎತ್ತಿ ರಸ ಸಮೇತ ಗಾಯದ ಮೇಲೆ ಒತ್ತಿದಳು.

ಇಂಬಳ ತಕ್ಷಣ ಉದುರಿತು. ಅಮ್ಮನ ಕಥೆ ಇಲ್ಲಿಗೆ ಮುಗಿಯುತ್ತದೆ.

ಚಿಕ್ಕಮ್ಮನ ಕಥೆ ಇಲ್ಲಿಂದ ಶುರುವಾಗುತ್ತದೆ. ಅಜ್ಜಿಯ ಉಪ್ಪಿನಕಾಯಿಯಲ್ಲಿ ಉಪ್ಪಿಗಿಂತ ಹೆಚ್ಚಾಗಿ ಸಾಸಿವೆ, ಒಣಮೆಣಸು ಇರುತ್ತಿದ್ದವು. ಇಂಬಳ ಕಚ್ಚಿದ್ದು ಗೊತ್ತಾಗದಿದ್ದ ಮೇಷ್ಟ್ರಿಗೆ ಉಪ್ಪಿನಕಾಯಿ ಕಚ್ಚಿದ್ದು ಚೆನ್ನಾಗಿಯೇ ಗೊತ್ತಾಯಿತು. ಕೊಡೆ ಬಿಟ್ಟು, ಚಪ್ಪಲಿ ಬಿಟ್ಟು, ಎಂದೂ ಮಳೆಗೆ ಇಳಿಯದ ಮನುಷ್ಯ ನೇರ ಅಂಗಳಕ್ಕೆ ಹಾರಿ ಮಾಡಿನ ನೀರಿಗೆ ಕಾಲು ಹಿಡಿದು ನಿಂತರು. "ಅವತ್ತೇ ಅವರಿಗೆ ಮಳೆ ಹೆದರಿಕೆ ಬಿಟ್ಟದ್ದು" ಅನ್ನುತ್ತಾಳೆ ಚಿಕ್ಕಮ್ಮ. ಆ ಪೀರಿಯಡ್ ಹಾಗೇ ಮುಗಿಯಿತು. ಬೋರ್ಡಿನ ಮೇಲೆ ಲಂಬಕೋನ ತ್ರಿಭುಜ, ಅದರ ಮೂರು ಬಾಹುಗಳ ಮೇಲೆ ಮೂರು ಚೌಕ, ಅಷ್ಟೇ ಉಳಿದದ್ದು. ಸಾಧನೆ ಮಾರನೇ ದಿನ ನಡೆಯಿತು, ತಗಡಿನ ಕೆಳಗೆ.

ತಮಾಷೆಯೆಂದರೆ ಆ ಪ್ರಮೇಯವನ್ನು ಅಮ್ಮ ದಿನಾ ಬೆಳಿಗ್ಗೆ ಸಂಜೆ ಕಾಲಲ್ಲಿ ಬಳಸುತ್ತಿದ್ದಳು. ಮನೆಯಿಂದ ರಸ್ತೆಗೆ ಬರಬೇಕಾದರೆ ಗದ್ದೆ ಬಯಲಿನ ಎರಡು ಬದಿ ಅಂಚಿನ ಮೇಲೆ ಸುತ್ತಿ ಬರಬೇಕು. ಅಡ್ಡ ಇಳಿದರೆ ಹತ್ತಿರ. ಮೂರು ಫರ್ಲಾಂಗು, ಆಮೇಲೆ ನಾಲ್ಕು ಫರ್ಲಾಂಗು ನಡೆಯುವ ಬದಲು ನೇರ ಐದೇ ಫರ್ಲಾಂಗು. ಲೆಕ್ಕ ನನ್ನದು, ಗದ್ದೆ ಅಮ್ಮನದು. ಪೈಥಾಗೊರಸನಿಗೆ ಗೊತ್ತಿಲ್ಲದ ಒಂದು ವಿಷಯವೆಂದರೆ, ವಿಕರ್ಣದ ಉದ್ದಕ್ಕೂ ಹೂಟಿ ಮಾಡಿ ನೀರು ನಿಲ್ಲಿಸಿದ ಕೆಸರು ಇರಬಹುದು ಎನ್ನುವುದು. ಒಂದು ಸಂಜೆ ಬಯಲಿನ ಮಧ್ಯೆ ಅಮ್ಮನ ಕಾಲು ಮೊಣಕಾಲಿನವರೆಗೆ ಹೂತಿತು. ಕಾಲು ಎಳೆದುಕೊಳ್ಳುವಾಗ ಪೂರ್ತಿ ಕೂತಳು. ಪುಸ್ತಕಗಳು ಗೊಬ್ಬರ ಚೀಲದ ಪ್ಲಾಸ್ಟಿಕ್ಕಿನೊಳಗೆ ಬೆಚ್ಚಗಿದ್ದವು. ಗಾಳಿಗೆ ಅಜ್ಜಯ್ಯನ ಕೊಡೆಯ ಕಡ್ಡಿ ಮುರಿದು ಮೇಲ್ಮುಖವಾಯಿತು. ಅಂಚಿನ ಮೇಲೆ ನಿಂತಿದ್ದ ಚಿಕ್ಕಮ್ಮ, ಅವಳೇ ಹೇಳುವ ಪ್ರಕಾರ, ನಗಲಿಲ್ಲ.

ನೀಲಿ ಲಂಗ, ಬಿಳಿ ರವಿಕೆ, ಬಿಳಿ ದಾವಣಿ. ಇದ್ದದ್ದು ಎರಡೇ ಜೊತೆ. ಮಳೆಗಾಲದಲ್ಲಿ ಅದರ ಅರ್ಥ ಒಂದು ಮೈಮೇಲೆ, ಇನ್ನೊಂದು ಬಚ್ಚಲ ಒಲೆಯ ಮೇಲೆ. ಹಂಡೆ ಒಲೆಯ ಮೇಲ್ಗಡೆ ಬಿದಿರ ಗಳ ಕಟ್ಟಿ ಮನೆಮಂದಿಯ ಬಟ್ಟೆಯನ್ನೆಲ್ಲ ಹರಡುತ್ತಿದ್ದರು. ಬಟ್ಟೆ ಒಣಗುತ್ತಿತ್ತು ಅನ್ನುವುದಕ್ಕಿಂತ ಹೊಗೆ ಕುಡಿಯುತ್ತಿತ್ತು ಅನ್ನಬೇಕು. ಇಡೀ ಕ್ಲಾಸಿಗೆ ಒಂದೇ ವಾಸನೆ. ಯಾರ ಮನೆಯಲ್ಲಿ ಯಾವ ಸೌದೆ ಉರಿಸುತ್ತಾರೆ ಅಂತ ಮೂಸಿ ಹೇಳುವವರಿದ್ದರಂತೆ. ಇದನ್ನು ಚಿಕ್ಕಮ್ಮ ಹೇಳಿದ್ದು, ಸ್ವಲ್ಪ ಕಡಿಮೆ ಮಾಡಿಕೊಂಡು ಓದಿ.

ಕೆಸರಿನ ಲಂಗ ತೊಳೆದು ಗಳಕ್ಕೆ ಹಾಕಿ, ಆಗಾಗ ತಿರುವಿ ಹಾಕುವ ಕೆಲಸವನ್ನು ಅಜ್ಜಿ ಅಮ್ಮನಿಗೇ ಒಪ್ಪಿಸಿದ್ದಳು. ಬೆಳಗಾಗುವಾಗ ಲಂಗದ ಸೊಂಟದ ಕೆಳಗೆ ಬಲಕ್ಕೆ ಅಂಗೈಯಗಲದ ತೂತು ಬಿದ್ದಿತ್ತು. ಅಮ್ಮನ ಪಾಠದ ಪ್ರಕಾರ ಬೆಕ್ಕು ಎಳೆದು ಬೆಂಕಿಗೆ ಕೆಡವಿದ್ದು. ಚಿಕ್ಕಮ್ಮನ ಪಾಠದಲ್ಲಿ ಬೆಕ್ಕಿಲ್ಲ, ಧಾರಾವಾಹಿ ಇದೆ. ಗೆಳತಿಯಿಂದ ಒಂದು ರಾತ್ರಿಯ ಮಟ್ಟಿಗೆ ತಂದಿದ್ದ ವಾರಪತ್ರಿಕೆಯನ್ನು ಅಮ್ಮ ಬಚ್ಚಲ ಒಲೆಯ ಬೆಳಕಿನಲ್ಲಿ ಓದುತ್ತಾ ಕೂತಿದ್ದಳು. ಬೆಳಕು ಸಾಲದಾದಾಗ ಒಂದೊಂದೇ ಸೌದೆ ಮುಂದೆ ನೂಕುತ್ತಿದ್ದಳು. ಕಥೆಯ ನಾಯಕಿ ರೈಲು ಹತ್ತುವ ಹೊತ್ತಿಗೆ ಲಂಗ ಹೊತ್ತಿಕೊಂಡಿತು. ಎರಡೂ ಪಾಠಗಳನ್ನು ಇಟ್ಟು ತೂಗಿದರೆ ನನಗೆ ಬೆಕ್ಕಿನ ಬಗ್ಗೆ ಅನುಕಂಪವಾಗುತ್ತದೆ. ಆ ವರ್ಷವಿಡೀ ಅಜ್ಜಿ ಅದಕ್ಕೆ ಹಾಲು ಕಡಿಮೆ ಮಾಡಿದ್ದಳಂತೆ.

ಹೊಸ ಲಂಗದ ಮಾತು ಎತ್ತುವ ಹಾಗಿರಲಿಲ್ಲ. ಅಡಿಕೆ ಕೊಯ್ಲು ಮುಗಿದು ದುಡ್ಡು ಕೈಗೆ ಬರುವ ತನಕ ಯಾರ ಮನೆಯಲ್ಲೂ ಹೊಸ ಬಟ್ಟೆಯ ಮಾತಿಲ್ಲ. ಅಜ್ಜಯ್ಯನ ಆ ಕೊಡೆ ಗದ್ದೆಯಲ್ಲೇ ಪ್ರಾಣ ಬಿಟ್ಟಿತ್ತಲ್ಲ, ಅದರ ಬಟ್ಟೆ ಕತ್ತರಿಸಿ ಅಜ್ಜಿ ತೇಪೆ ಹಾಕಿಕೊಟ್ಟಳು. ನೀಲಿ ಲಂಗಕ್ಕೆ ಕಪ್ಪು ತೇಪೆ. ಅದಕ್ಕೊಂದು ಗುಣವಿತ್ತು. ಮಳೆಯಲ್ಲಿ ಲಂಗವೆಲ್ಲ ನೆನೆದು ತೊಪ್ಪೆಯಾದರೂ ಆ ಅಂಗೈಯಗಲದ ಮೇಲೆ ಮಾತ್ರ ನೀರು ನಿಲ್ಲದೆ ಜಾರುತ್ತಿತ್ತು. ಅಮ್ಮ ಮಾತ್ರ ಅದನ್ನು ಮೆಚ್ಚಲಿಲ್ಲ. ಅಲ್ಲಿಂದ ಮುಂದೆ ನಡೆಯುವಾಗ ಪುಸ್ತಕದ ಚೀಲ ಬಲಕ್ಕೆ, ಕೂರುವಾಗ ಬಲಕ್ಕೆ ಗೋಡೆ, ಪ್ರಾರ್ಥನೆಗೆ ನಿಂತಾಗ ಬಲಗೈ ಸೊಂಟದ ಮೇಲೆ.

ಈಗ ಆ ಗ್ರೂಪ್ ಫೋಟೋ. ಫೆಬ್ರವರಿಯಲ್ಲಿ ಬೀಳ್ಕೊಡುಗೆಯ ದಿನ ಫೋಟೋದವರು ತೀರ್ಥಹಳ್ಳಿಯಿಂದ ಮೂರು ಕಾಲಿನ ಸ್ಟ್ಯಾಂಡು ಹೊತ್ತು ಬಸ್ಸಿಳಿದು ಬಂದು ತೆಗೆದದ್ದು. ಮುಂದೆ ಕುರ್ಚಿಯಲ್ಲಿ ಮೇಷ್ಟ್ರುಗಳು, ಹಿಂದೆ ಹುಡುಗಿಯರು ಕೈಕಟ್ಟಿ ತಲೆ ತಗ್ಗಿಸಿ ನಿಂತಿದ್ದಾರೆ. ಮಧ್ಯೆ ಒಬ್ಬಳು ಮಾತ್ರ ಬಲಗೈಯನ್ನು ಸೊಂಟಕ್ಕೆ ಊರಿ, ಮೊಣಕೈಯನ್ನು ಪಕ್ಕದವಳ ಪಕ್ಕೆಗೆ ಚುಚ್ಚಿ, ಕ್ಯಾಮೆರಾವನ್ನು ದಿಟ್ಟಿಸುತ್ತಿದ್ದಾಳೆ. ನಾವು ಚಿಕ್ಕವರಿದ್ದಾಗ ಅದನ್ನು ನೋಡಿ, ಅಮ್ಮ ಎಂಥ ಸ್ಟೈಲು ಮಾಡ್ತಿದ್ದಳು ಅಂತ ಬೆರಗಾಗಿದ್ದೆವು.

ಬೆರಗಾದವರು ನಾವೇ ಮೊದಲಲ್ಲ. ಅಮ್ಮನಿಗೆ ಗಂಡು ನೋಡಲು ಶುರು ಮಾಡಿದಾಗ ಮನೆಯಲ್ಲಿದ್ದ ಫೋಟೋ ಅದೊಂದೇ. ಅಜ್ಜಯ್ಯ ಅದನ್ನೇ ಲಕೋಟೆಗೆ ಹಾಕಿ, ಗುರುತಿಗೆ ಅಮ್ಮನ ತಲೆಯ ಮೇಲೆ ಪೆನ್ನಿನಲ್ಲಿ ಒಂದು ಗುಣಿಸು ಚಿಹ್ನೆ ಹಾಕಿ ಕಳಿಸಿದರು. ನೆಪಕ್ಕೊಂದು ಮಳೆ ಬೇಕಲ್ಲ, ಟಪಾಲು ದಾರಿಯಲ್ಲಿ ನೆನೆಯಿತು. ಶಾಯಿ ಹರಡಿ ಚಿಹ್ನೆ ಅಮ್ಮನ ಮತ್ತು ಪಕ್ಕದ ಹುಡುಗಿಯ ತಲೆಗಳ ನಡುವೆ ಬಂದು ನಿಂತಿತು. ಅಪ್ಪನ ಮನೆಯಲ್ಲಿ ಎರಡು ಪಕ್ಷವಾಯಿತಂತೆ. ಸೊಂಟದ ಮೇಲೆ ಕೈ ಇಟ್ಟವಳಾದರೆ ಹುಡುಗಿಗೆ ಜಂಬ ಜಾಸ್ತಿ, ಪಕ್ಕದವಳಾದರೆ ಎಂತದೋ ಹೊಟ್ಟೆನೋವು ಇರುವ ಹಾಗಿದೆ ಅಂತ ಅಪ್ಪನ ದೊಡ್ಡಮ್ಮ ತೀರ್ಪು ಕೊಟ್ಟರು. ಪಾಪದ ಹುಡುಗಿ, ಅಮ್ಮನ ಮೊಣಕೈ ಪಕ್ಕೆಗೆ ಚುಚ್ಚಿದರೆ ಮುಖ ಇನ್ನು ಹೇಗೆ ಇರಬೇಕು? ಅಪ್ಪ ಹುಡುಗಿ ನೋಡಲು ಹೊರಟದ್ದು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಅಂತ ನಾವು ಎಷ್ಟು ಕೆದಕಿದರೂ ಬಾಯಿ ಬಿಟ್ಟಿಲ್ಲ. ಆ ಪ್ರಶ್ನೆ ಬಂದಾಗಲೆಲ್ಲ ಅವರಿಗೆ ಪೇಟೆಯಲ್ಲಿ ಏನೋ ಕೆಲಸವಿರುತ್ತದೆ.

ಕೈಯ ಗುಟ್ಟು ಬಿಚ್ಚಿದ್ದು ಚಿಕ್ಕಮ್ಮ. ಬಿಚ್ಚಿ ಅಷ್ಟಕ್ಕೇ ಬಿಡಲಿಲ್ಲ. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ ಅಮ್ಮನಿಗೇ ಹೇಳಿದಳು:

"ಅಲ್ಲ ಅಕ್ಕಯ್ಯ, ಇದು ಕಪ್ಪು-ಬಿಳುಪು ಫೋಟೋ. ಇದರಲ್ಲಿ ನೀಲಿಯೂ ಕಪ್ಪೇ, ಕಪ್ಪೂ ಕಪ್ಪೇ. ಕೈ ತೆಗೆದಿದ್ರೆ ತೇಪೆ ಯಾರಿಗೂ ಕಾಣ್ತಿರ್ಲಿಲ್ಲ ಮಾರಾಯ್ತಿ. ನೀನು ಕೈ ಇಟ್ಟಿದ್ದಕ್ಕೇ ಎಲ್ಲರ ಕಣ್ಣೂ ಅಲ್ಲಿಗೆ ಹೋಗೋದು."

ಅಮ್ಮ ಫೋಟೋ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. "ಇದನ್ನು ಆವಾಗ್ಲೇ ಹೇಳ್ಬೇಕಿತ್ತು" ಅಂದಳು.

"ಆವಾಗ ಹೇಳಿದ್ರೆ ನೀನು ಕೇಳ್ತಿದ್ಯಾ?"

ಇನ್ನು ಪರೀಕ್ಷೆ. ಗಣಿತದಲ್ಲಿ ಪೈಥಾಗೊರಸ್ ಬಂದೇ ಬಂದ. ಅಮ್ಮ ಸ್ಕೇಲಿಟ್ಟು ಲಂಬಕೋನ ತ್ರಿಭುಜ, ಮೂರು ಬಾಹುಗಳ ಮೇಲೆ ಮೂರು ಚೌಕ ಅಚ್ಚುಕಟ್ಟಾಗಿ ಬರೆದು, ಹೆಸರಿಟ್ಟು, ಕೆಳಗೆ 'ಸಾಧನೆ' ಎಂದು ಬರೆದು ಅಡಿಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋದಳು. ಉಳಿದದ್ದನ್ನು ಚಕ್ರಬಡ್ಡಿ ದಡ ಸೇರಿಸಿತು.

ಆಗ ಫಲಿತಾಂಶ ಪತ್ರಿಕೆಯಲ್ಲಿ ಬರುತ್ತಿತ್ತು. ದರ್ಜೆವಾರು ನಂಬರುಗಳ ಸಾಲು, ಇರುವೆ ಗಾತ್ರದ ಅಕ್ಷರ. ಪತ್ರಿಕೆ ಬಸ್ಸಿನಲ್ಲಿ ಬಂದು ಸ್ಟಾಪಿನ ಅಂಗಡಿಗೆ ಬೀಳುವ ಹೊತ್ತಿಗೆ ಅಜ್ಜಯ್ಯ ಹಾಜರಿದ್ದರು. ಮಧ್ಯಾಹ್ನ ವಾಪಸ್ ಬಂದವರು ಜಗಲಿಯಲ್ಲಿ ಕೂತು ಎಲೆ-ಅಡಿಕೆ ಹಾಕಿಕೊಂಡು, "ನಂಬರ್ ಇಲ್ಲ. ಇರ್ಲಿ ಬಿಡು. ತೋಟದ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಎಂತಕ್ಕೆ" ಅಂದರು. ಅಮ್ಮ ಅಟ್ಟ ಹತ್ತಿ ಏಣಿ ಎಳೆದುಕೊಂಡಳು. ಸುದ್ದಿ ಕೇಳಿ ಸಮಾಧಾನ ಹೇಳಲು ಅಕ್ಕಪಕ್ಕದ ಮನೆಯವರು ಬಂದರು. ಅವರಿಗೆ ಕಾಫಿ ಮಾಡಿದ್ದಾಯಿತು. ಹುಡುಗಿ ಅಷ್ಟೊಂದು ಧಾರಾವಾಹಿ ಓದುತ್ತಿದ್ದಳಲ್ಲ ಅಂತ ಒಬ್ಬರು ನೆನಪಿಸಿಕೊಂಡರು. ಅಜ್ಜಿಯ ಕಣ್ಣು ಬೆಕ್ಕಿನ ಮೇಲೆ ಹೋದದ್ದು ಆವಾಗಲೇ ಇರಬೇಕು.

ಸಂಜೆ ಚಿಕ್ಕಮ್ಮ ಅದೇ ಪತ್ರಿಕೆಯನ್ನು ಅಂಗಡಿಯಿಂದ ಕೇಳಿ ತಂದು ಹುಡುಕಿದರೆ ನಂಬರು ಎರಡನೇ ದರ್ಜೆಯಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ಇದೆ. ಅಜ್ಜಯ್ಯ ಮೂರನೇ ದರ್ಜೆಯ ಸಾಲು ಮಾತ್ರ ನೋಡಿದ್ದರು. ಅದನ್ನು ಎರಡು ಸಲ ಬೆರಳಿಟ್ಟು ನೋಡಿ, ಮೇಲಿನ ಸಾಲುಗಳನ್ನು ನೋಡುವ ಅಗತ್ಯ ಕಾಣದೆ ಎದ್ದು ಬಂದಿದ್ದರು.

"ಮಗಳ ಮೇಲೆ ಇಷ್ಟೇನಾ ನಂಬ್ಕೆ?" ಅಂತ ಅಜ್ಜಿ ಕೇಳಿದ್ದಕ್ಕೆ ಅಜ್ಜಯ್ಯ ಎಲೆ-ಅಡಿಕೆ ಉಗಿದು ಬಂದು ಹೇಳಿದರು: "ನಾ ಹೇಳಿದ್ದು ಎಂತ? ನಂಬರ್ ಇಲ್ಲ ಅಂದೆ. ಮೂರನೇದ್ರಲ್ಲಿ ಈಗ್ಲೂ ಇಲ್ಲ. ಬೇಕಾದ್ರೆ ನೋಡು."

ಏಣಿ ಮೇಲೇ ಇದ್ದದ್ದರಿಂದ ಈ ಸುದ್ದಿಯನ್ನು ಕೆಳಗಿನಿಂದ ಕೂಗಿ ಹೇಳಬೇಕಾಯಿತು. ಅಮ್ಮ ನಂಬಲಿಲ್ಲ, ಊಟಕ್ಕೆ ಇಳಿಸಲು ಹೂಡಿದ ಆಟ ಅಂದುಕೊಂಡಳು. ಕೊನೆಗೆ ಅವಳು ಇಳಿದದ್ದು ಪಾಸಾದ ಸುದ್ದಿಗೂ ಅಲ್ಲ, ಅಜ್ಜಯ್ಯನ ಮೇಲಿನ ಸಿಟ್ಟು ಇಳಿದದ್ದಕ್ಕೂ ಅಲ್ಲ, ಹಲಸಿನ ಹಣ್ಣಿನ ಕಡುಬು ಬೆಂದ ವಾಸನೆ ಅಟ್ಟಕ್ಕೆ ಏರಿದ್ದಕ್ಕೆ ಅನ್ನುತ್ತಾಳೆ ಚಿಕ್ಕಮ್ಮ.

"ಸುಳ್ಳು" ಎಂದು ಅಡುಗೆಮನೆಯಿಂದಲೇ ಕೂಗಿದಳು ಅಮ್ಮ. "ಕಡುಬು ಮಾಡಿದ್ದು ಮಾರನೇ ದಿನ. ಅವತ್ತು ಪತ್ರೊಡೆ."

"ಮೇ ತಿಂಗಳಲ್ಲಿ ಕೆಸುವಿನ ಎಲೆ ಎಲ್ಲಿತ್ತೇ?" ಅಂದಳು ಚಿಕ್ಕಮ್ಮ.